ಇಪ್ಪತ್ತೆರಡು ಮೆಟ್ಟಿಲು, ಇಪ್ಪತ್ನಾಲ್ಕು ನಾಮ

ಜಯಲಕ್ಷ್ಮಮ್ಮ ಬೀದಿಗೆ ಕಾಲಿಡದೆ ನಾಲ್ಕು ತಿಂಗಳಾಗಿತ್ತು. ಮದರಾಸಿನ ವಡಪಳನಿಯ ಒಂದು ಹಳೆಯ ಕಟ್ಟಡದಲ್ಲಿ ಅವರದು ಮೇಲಿನ ಮನೆ. ಲಿಫ್ಟ್ ಎನ್ನುವುದು ಕಟ್ಟಿದವನ ಕನಸಿನಲ್ಲೂ ಬಂದಿರಲಿಲ್ಲ. ಬೀದಿಗೂ ಅವರ ಬಾಗಿಲಿಗೂ ನಡುವೆ ಇಪ್ಪತ್ತೆರಡು ಮೆಟ್ಟಿಲು. ಮದುವೆಯಾಗಿ ಬಂದ ಹೊಸತರಲ್ಲಿ ಎರಡೂ ಕೈಯಲ್ಲಿ ಕೊಡ ಹಿಡಿದು ಒಂದೇ ಉಸಿರಿಗೆ ಹತ್ತುತ್ತಿದ್ದವರು ಅವರು. ಈಗ ಎಪ್ಪತ್ತೊಂದರಲ್ಲಿ ಎರಡು ಮಂಡಿಗಳೂ ಸೇರಿ ಮುಷ್ಕರ ಹೂಡಿದ್ದವು. ಬಲಮಂಡಿ ಮುಂದಾಳು, ಎಡಮಂಡಿ ಹಿಂಬಾಲಕ.

ಹಾಗಂತ ಮನೆಯವರು ಕೈಕಟ್ಟಿ ಕೂತಿರಲಿಲ್ಲ. ಪ್ರೀತಿಯಿಂದಲೇ ಅವರ ಕೈಯ ಕೆಲಸಗಳನ್ನು ಒಂದೊಂದಾಗಿ ಕಿತ್ತುಕೊಂಡಿದ್ದರು. ಮೊದಲು ರಂಗೋಲಿ ಹೋಯಿತು, ಆಮೇಲೆ ಬಟ್ಟೆ ಒಣಹಾಕುವುದು, ಕೊನೆಗೆ ಒಲೆ. ನೀರೆಂದರೆ ನೀರು ಕೂತಲ್ಲಿಗೇ ಬರುತ್ತಿತ್ತು. ಗಂಡ ವಿಷ್ಣುತೀರ್ಥರು ಬಂದರಿನ ಕ್ರೇನ್ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಮಂಡಿಯ ವಿಷಯದಲ್ಲೂ ಅವರದು ವರ್ಕ್‌ಶಾಪಿನ ಶಾಸ್ತ್ರವೇ.

"ಸವೆದ ಬೇರಿಂಗ್ ಓಡಿಸಿದಷ್ಟೂ ಸವೆಯುತ್ತೆ ಕಣೇ. ಅಲುಗಾಡದೆ ಕೂತ್ಕೋ."

ಜಯಲಕ್ಷ್ಮಮ್ಮ ಕೂತರು. ಕೂತಷ್ಟೂ ಏಳುವುದು ಕಷ್ಟವಾಯಿತು. ಏಳುವುದು ಕಷ್ಟವಾದಷ್ಟೂ ಇನ್ನಷ್ಟು ಕೂತರು.

ಜೂನ್ ತಿಂಗಳ ಒಂದು ಭಾನುವಾರ ಊಟಕ್ಕೆ ಗೋರಿಕಾಯಿ ಪಲ್ಯ ಆಗಿತ್ತು. ಎರಡು ತುತ್ತಿಗೆ ಜಯಲಕ್ಷ್ಮಮ್ಮನ ಮುಖ ಸೊಟ್ಟಗಾಯಿತು.

"ಯಾರು ಆರಿಸಿದ್ದು ಇದನ್ನ? ಬರೀ ನಾರು. ಗೋರಿಕಾಯಿ ಮುರಿದರೆ ಟಕ್ ಅನ್ನಬೇಕು. ಬಗ್ಗಿದರೆ ಅಲ್ಲೇ ಬಿಟ್ಟು ಬರಬೇಕು. ಹದಿನೇಳು ವರ್ಷದಿಂದ ಹೇಳ್ತಿದೀನಿ."

ಸೊಸೆ ಬೃಂದಾ ವಾರದ ಆರು ದಿನ ಪ್ಯಾರೀಸ್ ಕಾರ್ನರಿನ ಒಂದು ಆಫೀಸಿಗೆ ಹೋಗಿ ಬರುವವಳು. ಇದ್ದ ಒಂದು ರಜೆಯಲ್ಲಿ ಆ ಬೆಳಗ್ಗೆ ಆರು ಸಲ ಮೆಟ್ಟಿಲು ಹತ್ತಿಳಿದಿದ್ದಳು. ಹಾಲು, ಹೂವು, ತರಕಾರಿ, ಇಸ್ತ್ರಿ ಬಟ್ಟೆ, ಕೊರಿಯರ್, ಮರೆತ ಕೊತ್ತಂಬರಿ ಸೊಪ್ಪು.

"ಹಾಗಾದ್ರೆ ನೀವೇ ಕೆಳಗೆ ಹೋಗಿ ಮುರಿದು ನೋಡಿ ತನ್ನಿ ಅತ್ತೆ," ಎಂದುಬಿಟ್ಟಳು.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಏನು ಮಾಡುವುದು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಆಗಲಮ್ಮಾ. ಕುಂಟಿ ಮೇಲೆ ಎಲ್ಲರಿಗೂ ಬಾಯಿ."

"ಕುಂಟಿ ಅಂತ ನಾನೆಲ್ಲಿ ಅಂದೆ? ನಿಮ್ಮ ಕಾಲು ನೋಡೋಕೆ ಮನೇಲಿ ನಾಲ್ಕು ಜನ ಇದೀವಿ. ನನ್ನ ಕಾಲು ಯಾರು ನೋಡ್ತಾರೆ?"

ಮಗ ಗುರುಚರಣ ಅನ್ನ ಕಲಸುವುದನ್ನು ನಿಲ್ಲಿಸಿದ. ಬಹಳ ದಿನದಿಂದ ಗಂಟಲಲ್ಲಿಟ್ಟುಕೊಂಡದ್ದನ್ನು ಹೊರಹಾಕಲು ಇದೇ ಸಮಯವೆಂದು ಅವನಿಗೆ ಕಂಡಿತು.

"ಜಗಳ ಬೇಡ. ಅಣ್ಣಾ ನಗರದಲ್ಲಿ ಒಂದು ಫ್ಲಾಟ್ ನೋಡಿದೀನಿ. ಆರನೇ ಮಹಡಿ, ಎರಡು ಲಿಫ್ಟ್. ಇದನ್ನ ಬಾಡಿಗೆಗೆ ಕೊಟ್ಟು ಅಲ್ಲಿಗೆ ಹೋಗೋಣ. ಓನರ್ ಶಂಕರನಾರಾಯಣ ಅಂತ, ಒಳ್ಳೆಯವರು. ಆಡೀಲಿ ಹಾಲುಕ್ಕಿಸೋದು ಬೇಡ, ಆವಣಿ ಹುಟ್ಟಿದ ಮೇಲೆ ಬನ್ನಿ ಅಂದಿದಾರೆ."

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಡಿ ತಿಂಗಳಲ್ಲಿ ಮದರಾಸಿನಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಆಡಿ ಕಳೆದು ಆವಣಿ ಹುಟ್ಟಲು ಇನ್ನೂ ಎಂಟು ವಾರವಿತ್ತು.

"ಅಂಗ ಸ್ವಿಮ್ಮಿಂಗ್ ಪೂಲ್ ಇರುಕ್ಕಾಪ್ಪಾ?" ಅಲ್ಲಿ ಈಜುಕೊಳ ಇದೆಯಾ ಎಂದು ತಮಿಳಿನಲ್ಲಿ ಕೇಳಿದಳು ಹದಿನಾಲ್ಕರ ಮೊಮ್ಮಗಳು ಮಾನ್ಯಾ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆಗೆ ಮಾತ್ರ ಅಷ್ಟಾಗಿ ಬರುತ್ತಿರಲಿಲ್ಲ.

"ನಾನು ಬರೋಲ್ಲ," ಎಂದರು ಜಯಲಕ್ಷ್ಮಮ್ಮ.

"ಯಾಕಮ್ಮಾ? ನಿನಗೋಸ್ಕರ ತಾನೇ ಇದೆಲ್ಲ?"

ಯಾಕೆಂದು ಹೇಳುವುದು? ಅವರಿಗೆ ಭಯವಾಗಿತ್ತು. ಇಲ್ಲಿ ಇಳಿದರೆ ಮೋಹನನ ತರಕಾರಿ ಗಾಡಿ ಇತ್ತು, ಕೆಳಮನೆಯ ಲೀಲಮ್ಮ ಇದ್ದಳು, ನಲವತ್ತೇಳು ವರ್ಷದ ಪರಿಚಯದ ಬೀದಿ ಇತ್ತು. ಅಲ್ಲಿ ಲಿಫ್ಟಿನಲ್ಲಿ ಇಳಿದು ಹೋಗುವುದೆಲ್ಲಿಗೆ? ಬೀರುವನ್ನು ಸಾಗಿಸಿದಂತೆ ತನ್ನನ್ನೂ ಒಂದು ಮೂಲೆಯಿಂದ ಎತ್ತಿ ಇನ್ನೊಂದು ಮೂಲೆಗೆ ಇಡುತ್ತಾರೆ, ಅಷ್ಟೇ. ಆದರೆ ಅವರ ಹಟ ಭಯಕ್ಕಿಂತ ಗಟ್ಟಿಯಾಗಿತ್ತು.

"ಆವಣಿ ಹುಟ್ಟೋದರೊಳಗೆ ನಾನೇ ಇಳಿದು, ತರಕಾರಿ ತಂದು, ನಾನೇ ಹತ್ತಿ ಬರ್ತೀನಿ. ಬಂದರೆ ಅಣ್ಣಾ ನಗರದ ಮಾತೆತ್ತಬಾರದು. ಆಗದಿದ್ರೆ ಮೂಟೆ ಕಟ್ಟಿ. ನಾನು ಬಾಯಿ ಬಿಡೋಲ್ಲ."

"ಸೆರಿ," ಎಂದ ಗುರುಚರಣ. ಆಗದ ಮಾತಿಗೆ ಒಪ್ಪುವುದು ಸುಲಭ.

ಮೂಳೆ ಡಾಕ್ಟರು ಗುರುಚರಣ ಒಯ್ದು ತೋರಿಸಿದ ಹಳೆಯ ಎಕ್ಸ್‌ರೇ ನೋಡಿ, ಮಂಡಿ ಸವೆದಿರುವುದು ನಿಜ, ಆಪರೇಷನ್ ಮಾತು ಆಮೇಲೆ, ಮೊದಲು ಎರಡು ತಿಂಗಳು ವ್ಯಾಯಾಮ ಮಾಡಿ ನೋಡೋಣ ಎಂದರು. ವ್ಯಾಯಾಮ ಕಲಿಸಲು ಮನೆಗೆ ಬಂದವರು ಬೇಬಿ. ಐವತ್ತು ದಾಟಿದ ಹೆಂಗಸು, ಹೊಸೂರಿನವರು, ಹಾಗಾಗಿ ಕನ್ನಡ ಬಲ್ಲವರು. ಬಂದವರೇ ಮನೆಯನ್ನು ಒಂದು ಸುತ್ತು ನೋಡಿದರು.

"ಅಮ್ಮ ದಿನವಿಡೀ ಏನು ಮಾಡ್ತಾರೆ?"

"ಏನೂ ಮಾಡೋಕೆ ಬಿಡೋಲ್ಲ ನಾವು," ಎಂದರು ವಿಷ್ಣುತೀರ್ಥರು ಹೆಮ್ಮೆಯಿಂದ.

"ಅದೇ ತಪ್ಪು ಸರ್."

ವಿಷ್ಣುತೀರ್ಥರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಬೇಬಿ ಮೂರು ಪಾಠ ಹೇಳಿಕೊಟ್ಟರು. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಮುಂದಕ್ಕೆ ಚಾಚಿ, ತೊಡೆ ಬಿಗಿಹಿಡಿದು ಇಳಿಸುವುದು. ಕುರ್ಚಿಯಿಂದ ನಿಧಾನವಾಗಿ ಎದ್ದು, ನಿಧಾನವಾಗಿ ಕೂರುವುದು. ಊಟದ ಮಣೆಯನ್ನು ಗೋಡೆಯ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಅದರ ಮೇಲೆ ಒಂದು ಕಾಲು ಹತ್ತಿಸಿ ಇಳಿಸುವುದು.

"ಒಂದೊಂದೂ ಹತ್ತತ್ತು ಸಲ. ಒಂದು ವಾರ ಬಿಟ್ಟು ಬರ್ತೀನಿ."

ಐದು ದಿನ ಜಯಲಕ್ಷ್ಮಮ್ಮ ಬೆಳಗ್ಗೆ ಸಂಜೆ ಎರಡು ಹೊತ್ತೂ ತಪ್ಪದೆ ಮಾಡಿದರು. ಆರನೆಯ ದಿನ ಬೆಳಗ್ಗೆ ಬಲಮಂಡಿ ಊದಿ ತೆಂಗಿನಕಾಯಿಯಷ್ಟಾಗಿತ್ತು. ಮಂಚದಿಂದ ಕಾಲು ಇಳಿಸಲಾಗಲಿಲ್ಲ.

"ನಾನು ಹೇಳಿರಲಿಲ್ವಾ?" ಎಂದರು ವಿಷ್ಣುತೀರ್ಥರು. ಗಂಡಂದಿರಿಗೆ ಇದಕ್ಕಿಂತ ಸಿಹಿಯಾದ ಮಾತು ಲೋಕದಲ್ಲಿಲ್ಲ. ಆದರೂ ಹರಳೆಣ್ಣೆ ಬಿಸಿ ಮಾಡಿ ತಂದು ಹಚ್ಚಿದವರು ಅವರೇ.

ಗುರುಚರಣ ಸಂಜೆ ಶಂಕರನಾರಾಯಣರಿಗೆ ಫೋನ್ ಮಾಡಿದ. ಆಫೀಸಿನಿಂದ ಬರುವಾಗ ರಟ್ಟಿನ ಪೆಟ್ಟಿಗೆಗಳನ್ನೂ ಹೊತ್ತು ತಂದು ಬಾಗಿಲ ಹಿಂದೆ ಮಡಚಿಟ್ಟ. ಜಯಲಕ್ಷ್ಮಮ್ಮ ಅದನ್ನು ನೋಡಿ ಗೋಡೆಯ ಕಡೆಗೆ ಹೊರಳಿಕೊಂಡರು. ಅತ್ತರು. ಯಾರೂ ನೋಡಲಿಲ್ಲ ಅಂದುಕೊಂಡರು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಬೃಂದಾ ನೋಡಿದಳು, ಲೋಟವನ್ನು ಸದ್ದಿಲ್ಲದೆ ಪಕ್ಕದಲ್ಲಿಟ್ಟು ಹೋದಳು.

ಊತ ಇಳಿಯಲು ನಾಲ್ಕು ದಿನ ಹಿಡಿಯಿತು. ಬೇಬಿ ಫೋನಿನಲ್ಲಿ, "ಹತ್ತು ಸಲಕ್ಕೆ ಇಷ್ಟು ಊದೋಕೆ ಸಾಧ್ಯ ಇಲ್ಲ. ಹೇಗೆ ಮಾಡ್ತಾರೆ ಅಂತ ನೋಡಬೇಕಲ್ಲ," ಎಂದರು. ಮಾನ್ಯಾ ಮೊಬೈಲನ್ನು ಅಜ್ಜಿಯ ಕಡೆಗೆ ತಿರುಗಿಸಿ ಹಿಡಿದಳು. ಜಯಲಕ್ಷ್ಮಮ್ಮ ಕುರ್ಚಿಯಲ್ಲಿ ಕೂತು ಎಡಗಾಲು ಚಾಚತೊಡಗಿದರು. ತುಟಿ ಅಲ್ಲಾಡುತ್ತಿತ್ತು. ಮಾನ್ಯಾಳ ಒಂದು ಕೈಯ ಬೆರಳು ಎರಡು ಸುತ್ತು ಮುಗಿದವು, ಮೂರನೆಯದೂ ಮುಗಿಯಿತು.

"ಅಜ್ಜಿ, ಸ್ಟಾಪ್! ಹದಿನಾರು ಆಚ್ಚು!"

"ನಡುವೆ ಮಾತಾಡಿಸಬೇಡ್ವೇ. ಈಗ ಅನಿರುದ್ಧ ಆಯ್ತು. ಪುರುಷೋತ್ತಮ, ಅಧೋಕ್ಷಜ..."

ಫೋನಿನೊಳಗೆ ಬೇಬಿ ತಲೆ ಚಚ್ಚಿಕೊಂಡರು. ಕೇಶವನಿಂದ ಶ್ರೀಕೃಷ್ಣನವರೆಗಿನ ಇಪ್ಪತ್ನಾಲ್ಕು ನಾಮಗಳನ್ನು ಜಯಲಕ್ಷ್ಮಮ್ಮ ಚಿಕ್ಕಂದಿನಿಂದ ಎಲ್ಲಕ್ಕೂ ಲೆಕ್ಕವಾಗಿ ಬಳಸಿದವರು. ಹಾಲು ಉಕ್ಕುವುದಕ್ಕೆ, ಹಿಟ್ಟು ನಾದುವುದಕ್ಕೆ, ಮಗುವಿನ ತೊಟ್ಟಿಲು ತೂಗುವುದಕ್ಕೆ ಎಲ್ಲಕ್ಕೂ ಅದೇ. ಹತ್ತು ಎಂದು ಬೇಬಿ ಹೇಳಿದ್ದರು, ಇವರು ಒಂದೊಂದು ಕಾಲಿಗೂ ಒಂದೊಂದು ಪಾಠಕ್ಕೂ ಪೂರ್ತಿ ಇಪ್ಪತ್ನಾಲ್ಕು ಮಾಡಿದ್ದರು. ಅದೂ ಎರಡು ಹೊತ್ತು. ಅತಿಯಾದರೆ ಅಮೃತವೂ ವಿಷ, ಇನ್ನು ಮಂಡಿಯ ಪಾಡೇನು?

"ಅಮ್ಮಾ, ಹತ್ತು ಅಂದ್ರೆ ಹತ್ತು. ಒಂದು ಎರಡು ಅಂತ ಎಣಿಸಬಾರದಾ?"

"ತಿನ್ನೋ ದೋಸೆ, ಮಲಗಿರೋ ಮಕ್ಕಳು, ಮೈಯ ಬಲ, ಇವನ್ನೆಲ್ಲ ಒಂದು ಎರಡು ಅಂತ ಎಣಿಸಬಾರದು. ದೃಷ್ಟಿ ಆಗುತ್ತೆ ಅಂತ ನಮ್ಮಮ್ಮ ಹೇಳ್ತಿದ್ದಳು."

"ಆಗಲಿ, ನಾಮಾನೇ ಹೇಳಿ. ಹತ್ತಕ್ಕೆ ನಿಲ್ಲಿಸಿ."

"ಹೃಷೀಕೇಶನ ಹತ್ತಿರ ನಿಲ್ಲಿಸೋದಾ? ಉಳಿದ ಹದಿನಾಲ್ಕು ನಾಮ ಏನು ಪಾಪ ಮಾಡಿತ್ತು?"

"ಅದು ನಿಜ," ಎಂದರು ವಿಷ್ಣುತೀರ್ಥರು ಪೇಪರ್ ಇಳಿಸಿ. "ಶುರು ಮಾಡಿ ಅರ್ಧಕ್ಕೆ ಬಿಡೋ ಹಾಗಿಲ್ಲ."

ವ್ಯಾಯಾಮವೇ ಬೇಡವೆನ್ನುತ್ತಿದ್ದ ಮನುಷ್ಯ ಈಗ ಇಪ್ಪತ್ನಾಲ್ಕಕ್ಕೆ ವಕಾಲತ್ತು! ಬೇಬಿ ಒಂದು ಕಡೆ, ದೇವರು ಒಂದು ಕಡೆ, ಮಂಡಿ ನಡುವೆ. ಗುರುಚರಣ ಬಾಗಿಲ ಹಿಂದಿನ ಪೆಟ್ಟಿಗೆಗಳ ಕಡೆಗೆ ನೋಡಿದ. ಅಡುಗೆಮನೆಯಿಂದ ಬೃಂದಾ ಸೌಟು ಹಿಡಿದುಕೊಂಡೇ ಬಂದಳು.

"ಇದಕ್ಕೆ ಇಷ್ಟು ಪಂಚಾಯಿತಿ ಯಾಕೆ? ಕೇಶವನಿಂದ ದಾಮೋದರನವರೆಗೆ ಬಲಗಾಲಿಗೆ. ಸಂಕರ್ಷಣನಿಂದ ಶ್ರೀಕೃಷ್ಣನವರೆಗೆ ಎಡಗಾಲಿಗೆ. ಎರಡು ಕಾಲೂ ಸೇರಿ ಒಂದಾವರ್ತಿ. ಕುರ್ಚಿ ಪಾಠಕ್ಕೆ ಏಳೋದು ಒಂದು ನಾಮ, ಕೂರೋದು ಒಂದು ನಾಮ."

ಜಯಲಕ್ಷ್ಮಮ್ಮ ಸೊಸೆಯನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ಹತ್ತರ ಬದಲು ಹನ್ನೆರಡು, ಪರವಾಯಿಲ್ಲೆ," ಎಂದರು ಬೇಬಿ. "ಆದ್ರೆ ದಿನಕ್ಕೆ ಒಂದೇ ಹೊತ್ತು. ಮಾಡುವಾಗ ಸ್ವಲ್ಪ ನೋವು ಬರುತ್ತೆ, ಹೆದರಬೇಡಿ. ಮಾರನೇ ದಿನ ಬೆಳಗ್ಗೆ ಮೊದಲಿಗಿಂತ ಜಾಸ್ತಿ ನೋವಿದ್ರೆ ಕಮ್ಮಿ ಮಾಡಿ. ಪೂರ್ತಿ ಮಾತ್ರ ಬಿಡಬೇಡಿ. ಮಂಡಿ ಸುತ್ತ ಇರೋ ಮಾಂಸಖಂಡ ಬಲವಾದ್ರೆ ಅರ್ಧ ಭಾರ ಅದೇ ಹೊರುತ್ತೆ. ಸರ್, ನಿಮ್ಮನ್ನೊಂದು ಕೇಳ್ತೀನಿ. ಒಂದು ಕ್ರೇನನ್ನ ಆರು ತಿಂಗಳು ಓಡಿಸದೆ ಹಾಗೇ ನಿಲ್ಲಿಸಿದ್ರೆ ಏನಾಗುತ್ತೆ?"

ವಿಷ್ಣುತೀರ್ಥರು ಸುಳ್ಳು ಹೇಳುವ ಜಾತಿಯವರಲ್ಲ. ಕನ್ನಡಕ ತೆಗೆದು ಒರೆಸಿದರು.

"ತುಕ್ಕು ಬಂದು ಹಿಡಿದುಕೊಂಡುಬಿಡುತ್ತೆ," ಎಂದರು ಮೆಲ್ಲಗೆ.

ಮಾರನೆಯ ದಿನದಿಂದ ನಾಮ ಹೇಳುವ ಕೆಲಸ ಅವರದಾಯಿತು. ಹೆಂಡತಿ ಮಣೆಯ ಮೇಲೆ ಕಾಲಿಡಬೇಕು, ಇವರು ಎದುರಿನ ಕುರ್ಚಿಯಲ್ಲಿ ಕೂತು "ತ್ರಿವಿಕ್ರಮ" ಎನ್ನಬೇಕು. ಬೇಗ ಹೇಳಿದರೆ ಬೈಗುಳ, ತಡವಾದರೆ ಇನ್ನೂ ದೊಡ್ಡ ಬೈಗುಳ. ಎರಡನೆಯ ವಾರ ಅವರೂ ಜೊತೆಗೆ ಎದ್ದು ಕೂರತೊಡಗಿದರು.

"ನಿಮಗ್ಯಾಕೆ? ನಿಮ್ಮ ಮಂಡಿ ಗಟ್ಟಿ ಇದೆಯಲ್ಲ."

"ಗಟ್ಟಿ ಇರುವಾಗಲೇ ನೋಡ್ಕೋಬೇಕು. ನಿನಗೆ ವರ್ಕ್‌ಶಾಪ್ ವಿಷಯ ಗೊತ್ತಾಗೋಲ್ಲ, ಸುಮ್ನಿರು."

ಆಷಾಢದ ಏಕಾದಶಿ ಬಂತು, ಶಾಕವ್ರತ ಹಿಡಿಯಿತು. ಮನೆಯಲ್ಲಿ ಒಂದು ತಿಂಗಳು ತರಕಾರಿ ಇಲ್ಲ. ದಿನವೂ ಹೆಸರುಬೇಳೆಯ ತೊವ್ವೆ, ಮೆಣಸು, ಜೀರಿಗೆ. ಮಾನ್ಯಾ ಸ್ಕೂಲ್ ಕ್ಯಾಂಟೀನಿನಲ್ಲಿ ಏನು ತಿನ್ನುತ್ತಿದ್ದಳೋ ಯಾರೂ ಕೇಳಲಿಲ್ಲ. ಬೀದಿಯಲ್ಲಿ ಆಡಿ ಶುಕ್ರವಾರದ ಧ್ವನಿವರ್ಧಕ ಕಿವಿ ಕಿತ್ತು ಹೋಗುವಂತೆ ಕೂಗುತ್ತಿತ್ತು. ಆ ಗದ್ದಲದ ನಡುವೆ ಒಂದು ಬೆಳಗ್ಗೆ ಬೃಂದಾ ಅಡುಗೆಮನೆಗೆ ಬಂದು ನೋಡಿದರೆ ಅತ್ತೆ ಕಟ್ಟೆಗೆ ಒರಗಿ ನಿಂತು ಬೇಳೆ ತೊಳೆಯುತ್ತಿದ್ದಾರೆ.

"ಬಿಡಿ ಅತ್ತೆ, ನಾನು ಮಾಡ್ತೀನಿ."

"ಬಿಡಿ ಬಿಡಿ ಅಂತ ಬಿಡಿಸಿಯೇ ನನಗೆ ಈ ಗತಿ ಬಂದಿದ್ದು."

"ನಾನೇನು ಬೇಕು ಅಂತ ಬಿಡಿಸಿದ್ನಾ? ನೋವು ಅಂತ ನರಳ್ತಿದ್ರಿ, ನೋಡೋಕಾಗದೆ ಮಾಡಿದೆ."

"ನೀನು ಮಾಡಿದ್ದು ತಪ್ಪು ಅಂದ್ನಾ? ಈಗ ಸ್ವಲ್ಪ ಜಾಗ ಬಿಡು ಅಂದೆ."

ಬೃಂದಾ ಮುಖ ಊದಿಸಿಕೊಂಡು ನಡುಮನೆಗೆ ಹೋಗಿ ಕೂತಳು. ಕೂತ ಮೇಲೆ ಗೊತ್ತಾಯಿತು, ಬೆಳಗ್ಗೆ ಏಳು ಗಂಟೆಗೆ ಈ ಮನೆಯಲ್ಲಿ ಅವಳು ಕೂತದ್ದೇ ಇಲ್ಲ. ಪೇಪರಿನ ಎರಡು ಪುಟ ಓದಿದಳು. ಊದಿದ ಮುಖ ತಾನಾಗಿ ಇಳಿಯಿತು.

ನೋವು ಹೋಯಿತೆಂದು ಯಾರೂ ತಿಳಿಯಬೇಡಿ. ಹೋಗಿರಲಿಲ್ಲ. ಆದರೆ ಕುರ್ಚಿಯಿಂದ ಏಳುವಾಗ "ಅಪ್ಪಾ" ಎನ್ನುವುದು ನಿಂತಿತ್ತು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುವುದು ಮರೆತುಹೋಗಿತ್ತು. ಆರನೆಯ ವಾರ ಬೇಬಿ ಅವರನ್ನು ಮೆಟ್ಟಿಲ ಬಾಯಿಗೆ ಕರೆತಂದರು.

"ಕೈ ಕಂಬಿ ಬಿಡಬಾರದು. ಇಳಿಯುವಾಗ ನೋವಿರೋ ಕಾಲು ಮುಂದೆ. ಹತ್ತುವಾಗ ಚೆನ್ನಾಗಿರೋ ಕಾಲು ಮುಂದೆ. ಇವತ್ತು ನಾಲ್ಕು ಮೆಟ್ಟಿಲು ಸಾಕು."

ನಾಲ್ಕು ಆರಾಯಿತು, ಆರು ಎಂಟಾಯಿತು. ಆವಣಿಗೆ ಇನ್ನು ಒಂದು ವಾರ ಇದೆ ಎನ್ನುವಾಗ ಜಯಲಕ್ಷ್ಮಮ್ಮ ಯಾರಿಗೂ ಹೇಳದೆ ಒಬ್ಬರೇ ಹನ್ನೊಂದು ಮೆಟ್ಟಿಲಿಳಿದು ತಿರುವಿನವರೆಗೆ ಹೋದರು. ಅಲ್ಲಿಂದ ಕೆಳಗೆ ನೋಡಿದರು. ಕಾಲು ನಡುಗಿತು. ಇಳಿಯಲಿಲ್ಲ, ಹತ್ತಲೂ ಇಲ್ಲ. ಆಫೀಸಿನಿಂದ ಬಂದ ಗುರುಚರಣ ತಿರುವಿನಲ್ಲಿ ಕಂಬಿಗೆ ಅಂಟಿಕೊಂಡು ನಿಂತ ತಾಯಿಯನ್ನು ಕಂಡು ತೋಳು ಹಿಡಿದು ಮೇಲಕ್ಕೆ ಕರೆತಂದ.

"ಸಾಕಮ್ಮಾ. ನಿನ್ನ ಹಟಕ್ಕೆ ಬಿದ್ದುಗಿದ್ದರೆ ಯಾರು ಗತಿ? ಶಂಕರನಾರಾಯಣ ಸರ್‌ಗೆ ಬರ್ತೀವಿ ಅಂತ ಹೇಳಿಬಿಡ್ತೀನಿ."

"ಆವಣಿ ಹುಟ್ಟಿತಾ?"

"ಇನ್ನೊಂದು ವಾರ..."

"ಹುಟ್ಟಿದ ಮೇಲೆ ಹೇಳು."

ಆ ವಾರ ಜಯಲಕ್ಷ್ಮಮ್ಮ ಬೇಬಿಯ ಜೊತೆ ಮೂರು ಸಲ ತಿರುವಿನವರೆಗೆ ಹೋಗಿ ಬಂದರು. ತಿರುವು ದಾಟಿದ್ದು ಒಂದೇ ಸಲ, ಅದೂ ಮೂರೇ ಮೆಟ್ಟಿಲು. ಗುರುಚರಣ ಪೆಟ್ಟಿಗೆಗಳನ್ನು ಬಿಡಿಸಿ ಪುಸ್ತಕ ತುಂಬತೊಡಗಿದ.

ಶಾಕವ್ರತ ಮುಗಿದ ದಿನ ಬಂತು. ಆಡಿ ಮುಗಿಯಲು ಇನ್ನೊಂದೇ ದಿನ ಬಾಕಿ. ಬೆಳಗ್ಗೆ ಎಂಟಕ್ಕೆ ಬೀದಿಯಲ್ಲಿ ಮೋಹನನ ಕೂಗು ಕೇಳಿಸಿತು. ಬೆಂಡೆ, ಕತ್ತರಿ, ಕೊತ್ತವರಂಗಾ. ಕತ್ತರಿ ಎಂದರೆ ಬದನೆ, ಕೊತ್ತವರಂಗಾ ಎಂದರೆ ನಮ್ಮ ಗೋರಿಕಾಯಿಯೇ. ಬೃಂದಾ ಗೋಡೆಯ ಮೊಳೆಗೆ ಕೈ ಚಾಚಿದಳು. ಚೀಲ ಅಲ್ಲಿರಲಿಲ್ಲ.

ಜಯಲಕ್ಷ್ಮಮ್ಮ ಚೀಲವನ್ನು ಹೆಗಲಿಗೆ ಹಾಕಿಕೊಂಡು ಆಗಲೇ ಮೆಟ್ಟಿಲ ಬಾಯಲ್ಲಿ ನಿಂತಿದ್ದರು. ಬಲಗೈ ಕಂಬಿಯ ಮೇಲಿತ್ತು.

"ಅತ್ತೆ, ನಾನೂ ಬರ್ತೀನಿ."

"ಬೇಡ. ನೀನು ಇಲ್ಲೇ ಇರು. ನೀನು ಇಲ್ಲಿದೀಯ ಅಂತ ಗೊತ್ತಿದ್ರೆ ಸಾಕು."

ಬಲಗಾಲು ಮುಂದೆ, ಎಡಗಾಲು ಜೊತೆಗೆ. ಕೇಶವ. ಬಲಗಾಲು ಮುಂದೆ, ಎಡಗಾಲು ಜೊತೆಗೆ. ನಾರಾಯಣ. ತಿರುವು ಬಂತು. ಕೆಳಗಿನ ಹನ್ನೊಂದು ಮೆಟ್ಟಿಲು ಕಂಡವು. ಜಯಲಕ್ಷ್ಮಮ್ಮ ಗೋಡೆಗೆ ಒರಗಿ ಉಸಿರು ಎಳೆದುಕೊಂಡರು. ಮೇಲಿನಿಂದ ಒಂದು ದನಿ ಕೇಳಿಸಿತು. ನಡುಗುತ್ತಿದ್ದ ದನಿ, ಆದರೆ ಗಟ್ಟಿಯಾಗಿತ್ತು.

"ದಾಮೋದರ," ಎಂದರು ವಿಷ್ಣುತೀರ್ಥರು.

ಜಯಲಕ್ಷ್ಮಮ್ಮ ಕಾಲಿಟ್ಟರು.

ಬೀದಿಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯಿತು. ಮೋಹನ ತಕ್ಕಡಿ ಹಾಗೇ ಬಿಟ್ಟ.

"ಅಮ್ಮಾ! ನೀಂಗಳಾ? ಎತ್ತನೆ ನಾಳಾಚ್ಚು!" ನೀವಾ, ಎಷ್ಟು ದಿನವಾಯಿತು ಎಂದು ಅವನಿಗೆ ಅಚ್ಚರಿ.

"ಇರಲಿ, ಇರಲಿ. ಮೊದಲು ಕಾಯಿ ತೋರಿಸು."

ಒಂದೊಂದೇ ಗೋರಿಕಾಯಿ ಎತ್ತಿ ಮುರಿದರು. ಟಕ್ ಎಂದದ್ದು ಚೀಲಕ್ಕೆ, ಬಗ್ಗಿದ್ದು ಗಾಡಿಗೆ. ಲೀಲಮ್ಮ ಕೆಳಮನೆಯ ಕಿಟಕಿಯಿಂದ, "ಅಯ್ಯೋ, ಯಾರು ಬಂದಿರೋದು!" ಎಂದು ಕೂಗಿದಳು. ಒಳಗೆ ಬಾ ಎಂದು ಕರೆದಳು. ನಾಳೆ ಬರುತ್ತೇನೆ ಎಂದರು ಜಯಲಕ್ಷ್ಮಮ್ಮ. ಹಾಗೆ ಹೇಳುವಾಗ ಆದ ಸಂತೋಷ ಅವರಿಗೆ ಮಾತ್ರ ಗೊತ್ತು. ನಾಳೆಯೂ ಬರಬಹುದು ಎಂಬುದು ಅವರಿಗೂ ಆಗಲೇ ಹೊಳೆದದ್ದು.

ಹತ್ತುವುದು ಹೆಚ್ಚು ಹೊತ್ತು ಹಿಡಿಯಿತು. ಈ ಸಲ ಎಡಗಾಲು ಮುಂದೆ. ತಿರುವಿನಲ್ಲಿ ಮಾನ್ಯಾ ಯಾವಾಗಲೋ ಕುರ್ಚಿ ತಂದಿಟ್ಟಿದ್ದಳು, ಜಯಲಕ್ಷ್ಮಮ್ಮ ಎರಡು ನಿಮಿಷ ಕೂತು ಎದ್ದರು. ಮೇಲೆ ನಾಲ್ವರೂ ಸಾಲಾಗಿ ನಿಂತಿದ್ದರು. ಗುರುಚರಣನ ಕೈಯಲ್ಲಿ ಒಂದು ಕಟ್ಟು ಪುಸ್ತಕ ಹಾಗೇ ಉಳಿದಿತ್ತು. ಅಚ್ಯುತ, ಜನಾರ್ದನ, ಉಪೇಂದ್ರ. ಇಪ್ಪತ್ತೆರಡನೆಯ ಮೆಟ್ಟಿಲು ಮುಗಿಯಿತು.

"ಇನ್ನೂ ಎರಡು ನಾಮ ಉಳೀತಲ್ಲೇ," ಎಂದರು ವಿಷ್ಣುತೀರ್ಥರು. ಅವರ ಕಣ್ಣು ತುಂಬಿತ್ತು.

"ದಾರಿ ಬಿಡಿ."

ಹರಿ ಎಂದು ಹೊಸ್ತಿಲ ಹೊರಗೆ ಒಂದು ಹೆಜ್ಜೆ. ಶ್ರೀಕೃಷ್ಣ ಎಂದು ಹೊಸ್ತಿಲ ಒಳಗೆ ಒಂದು ಹೆಜ್ಜೆ. ತಮ್ಮ ಮನೆಯೊಳಗೆ ಬಂದು ಜಯಲಕ್ಷ್ಮಮ್ಮ ಚೀಲವನ್ನು ಬೃಂದಾಳ ಕೈಗೆ ಕೊಟ್ಟರು. ಬೃಂದಾ ಒಂದು ಕಾಯಿ ತೆಗೆದು ಮುರಿದಳು. ಟಕ್ ಎಂದಿತು. ಅವಳು ನಕ್ಕಳು, ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಗುರುಚರಣ ಪುಸ್ತಕದ ಕಟ್ಟನ್ನು ಕಪಾಟಿನಲ್ಲಿಟ್ಟು ಫೋನ್ ತೆಗೆದ.

"ಸರ್, ವಣಕ್ಕಂ. ಕ್ಷಮಿಸಬೇಕು, ನಾವು ಬರ್ತಿಲ್ಲ... ಇಲ್ಲ ಸರ್, ಏನೂ ತೊಂದರೆ ಇಲ್ಲ. ಅಮ್ಮ ಕೆಳಗೆ ಹೋಗಿ ಬಂದ್ರು."

"ಅತ್ತೆ, ಕೂತ್ಕೊಳ್ಳಿ. ಕಾಫಿ ತರ್ತೀನಿ," ಎಂದಳು ಬೃಂದಾ.

ಜಯಲಕ್ಷ್ಮಮ್ಮ ಇಷ್ಟು ವಾರ ತಾವು ಎದ್ದು ಕೂತ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದರು.

"ಕಾಫಿ ನಾನು ಮಾಡ್ತೀನಿ. ನೀನು ಇಲ್ಲಿ ಕೂತು ಸ್ವಲ್ಪ ಹೊತ್ತು ಕಾಲು ಚಾಚು."